ಶಿವಕ್ಕನ ಮೂತಿಗಳು

ಆರ್‌ಪಿಸಿ ಲೇಔಟಿನ ಆ ನೆಲಮಹಡಿಯ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಶಿವಕ್ಕನ ಮುಖ ನೋಡಿದರೆ ಸಾಕಿತ್ತು. ಒಂದು ಹುಬ್ಬು ಮೇಲೇರಿದರೆ ಸಾರಿಗೆ ಉಪ್ಪು ಕಡಿಮೆ. ಎರಡೂ ಏರಿದರೆ ಹೇಳದೆ ಕೇಳದೆ ನೆಂಟರು ಬಂದಿದ್ದಾರೆ. ತುಟಿ ಒಳಗೆ ಹೋಯಿತೆಂದರೆ ಮಗ ವಿಶ್ವಾರಾಧ್ಯ ಸೊಪ್ಪು ತಂದಿದ್ದಾನೆ, ಅದೂ ಬಾಡಿದ್ದನ್ನು ತಂದಿದ್ದಾನೆ. ಬೆಳಿಗ್ಗೆ ಪೂಜೆ ಮುಗಿಸಿ ಹಣೆಯ ತುಂಬ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತರೆ, ಸೊಸೆ ರಂಜನಿಗೆ ಆವತ್ತಿನ ದಿನ ಹೇಗಿರುತ್ತದೆ ಎಂಬುದು ಗೊತ್ತಾಗಿಬಿಡುತ್ತಿತ್ತು.

ರಂಜನಿಗೆ ಅದು ಗೊತ್ತಾಗಲೇಬೇಕಿತ್ತು ಅನ್ನಿ. ಮುಖ ಬರೆಯುವುದೇ ಅವಳ ಕಸುಬು. ಆನ್‌ಲೈನಿನಲ್ಲಿ ಗುಂಪು ಕಟ್ಟಿಕೊಂಡವರು ಸಾವಿರಗಟ್ಟಲೆ ಇದ್ದಾರಲ್ಲ, ತಾರಸಿ ತೋಟದವರು, ಗೇಮ್ ಆಡುವ ಹುಡುಗರು, ಬೆಳಗಿನ ವಾಕಿಂಗಿನವರು, ಅವರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಖುಷಿ, ಕೋಪ, ಬೇಜಾರು, ನಿದ್ದೆ ಎಲ್ಲವನ್ನೂ ಚಿಕ್ಕ ಚಿತ್ರದಲ್ಲೇ ಹೇಳಬೇಕು. ಫೋನಿನಲ್ಲಿ ಮೊದಲೇ ಬರುವ ಹಳದಿ ಮುಖಗಳು ಅವರಿಗೆ ಸಾಲುವುದಿಲ್ಲ, ತಮ್ಮದೇ ಒಂದು ಬೇಕು. ತಾರಸಿ ತೋಟದವರಿಗೆ ರಂಜನಿ ಒಂದು ಬದನೆಕಾಯಿ ಮಾಡಿಕೊಟ್ಟಿದ್ದಳು. ನಗುವ ಬದನೆಕಾಯಿ, ಅಳುವ ಬದನೆಕಾಯಿ, ಹುಳ ಹತ್ತಿ ಗಾಬರಿಯಾದ ಬದನೆಕಾಯಿ. ದುಡ್ಡೂ ಬರುತ್ತಿತ್ತು. ಶಿವಕ್ಕ ಮಾತ್ರ ಅದನ್ನು ಕೆಲಸ ಎಂದು ಒಪ್ಪಿರಲಿಲ್ಲ. ಯಾರಾದರೂ ಕೇಳಿದರೆ, "ಡಿಗ್ರಿ ಓದಿ ಮೂತಿ ಬರೀತಾಳೆ ನಮ್ಮನೆ ಸೊಸೆ" ಎನ್ನುತ್ತಿದ್ದರು.

"ರಂಜನೀ, ಹಂಚಿನ ಮೇಲೆ ರೊಟ್ಟಿ ಹಾಕಿದ್ಯೋ, ಇದ್ದಿಲು ಮಾಡ್ತಾ ಇದೀಯೋ?"

"ಅಯ್ಯೋ, ಬಂದೆ ಅತ್ತೆ! ಒಂದು ಹುಬ್ಬು ಬಾಕಿ ಇತ್ತು."

"ಯಾರ ಹುಬ್ಬು?"

"ಬದನೆಕಾಯಿದು."

"ಕೇಳಿದ್ಯೇನೋ ವಿಶ್ವ? ಎಣ್ಣೆಗಾಯಿ ಮಾಡೋದು ಬಿಟ್ಟು ನಿನ್ನ ಹೆಂಡ್ತಿ ಬದನೆಕಾಯಿಗೆ ಹುಬ್ಬು ತೀಡ್ತಾ ಕೂತಿದಾಳೆ."

ವಿಶ್ವಾರಾಧ್ಯನಿಗೆ ಅತ್ತಿಗುಪ್ಪೆ ಮೆಟ್ರೋ ಹತ್ತಿರ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಅವನು ಬೆಂಕಿ ಹತ್ತುವ ಜಾಗದಲ್ಲಿ ವೈರು ಮುಟ್ಟುವವನಲ್ಲ. ಸೀದ ಭಾಗವನ್ನು ಕಿತ್ತಿಟ್ಟು, ಉಳಿದ ರೊಟ್ಟಿಗೆ ಚಟ್ನಿಪುಡಿ ಸವರಿಕೊಂಡು ತಿಂದು, ಹೆಲ್ಮೆಟ್ ಎತ್ತಿಕೊಂಡು ಹೊರಟುಹೋದ. ಆರನೇ ಕ್ಲಾಸಿನ ಮಗಳು ವಚನಾ ಮಾತ್ರ ಅಜ್ಜಿಯ ಮುಖವನ್ನೂ ಅಮ್ಮನ ಟ್ಯಾಬಿನಲ್ಲಿದ್ದ ಬದನೆಕಾಯಿಯನ್ನೂ ನೋಡಿ ಕಿಸಕ್ಕೆಂದಳು. ರಂಜನಿ ಕಣ್ಣಲ್ಲೇ ಅವಳನ್ನು ಗದರಿದಳು. ಗುಟ್ಟು ಇದ್ದದ್ದು ಇಷ್ಟೇ. ಸಿಟ್ಟಾದ ಬದನೆಕಾಯಿಯ ಹುಬ್ಬು, ಒಳಗೆ ಹೋದ ತುಟಿ, ಅರಳಿದ ಮೂಗಿನ ಹೊಳ್ಳೆ ಎಲ್ಲವೂ ಶಿವಕ್ಕನವೇ. ಇಡೀ ಗುಂಪಿನಲ್ಲಿ ಎಲ್ಲರಿಗೂ ಅಚ್ಚುಮೆಚ್ಚು ಆ ಚಿತ್ರವೇ ಆಗಿತ್ತು. ಎಲ್ಲೋ ಯಾರದೋ ಟೊಮೇಟೊ ಗಿಡವನ್ನು ಕೋತಿ ಕಿತ್ತರೆ, ಅಲ್ಲಿ ಶಿವಕ್ಕನೇ ಮೂತಿ ಉಬ್ಬಿಸಿಕೊಂಡು ಪ್ರತ್ಯಕ್ಷವಾಗುತ್ತಿದ್ದರು.

ಶ್ರಾವಣ ಶುರುವಾದ ವಾರ ಆ ಮುಖಕ್ಕೇ ಏನೋ ಆಯಿತು.

ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಶಿವಕ್ಕನ ಬಾಯಿಯ ಎಡಗಡೆಯಿಂದ ಕಾಫಿ ಇಳಿದು ಸೀರೆಯ ಮೇಲೆ ಬಿತ್ತು. ಆಕೆ ಲೋಟವನ್ನು ಬೈದರು. ಇನ್ನೊಂದು ಗುಟುಕಿಗೂ ಹಾಗೇ ಆಯಿತು.

"ಅಜ್ಜಿ, ನಿಮ್ಮ ಮುಖ ಒಂದ್ ಕಡೆ ಜಾರಿದೆ" ಎಂದಳು ವಚನಾ.

ರಂಜನಿ ತಿರುಗಿ ನೋಡಿದಳು. ಒಲೆ ಆರಿಸಿದವಳೇ ಸೀರೆ ಬದಲಾಯಿಸುವುದಕ್ಕೂ ಬಿಡದೆ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ವಿಜಯನಗರದ ನರ್ಸಿಂಗ್ ಹೋಮಿಗೆ ಓಡಿದಳು. ಅಂಗಡಿಯ ಶಟರನ್ನು ಅರ್ಧಕ್ಕೇ ಬಿಟ್ಟು ವಿಶ್ವಾರಾಧ್ಯನೂ ಬಂದ. ಡಾಕ್ಟರ್ ಚೇತನಾ ವಯಸ್ಸಿನಲ್ಲಿ ಚಿಕ್ಕವರು, ಮಾತು ನಿಧಾನ. ಕೈ ಎತ್ತಿಸಿದರು, ಕಾಲು ಎತ್ತಿಸಿದರು, ಕಣ್ಣು ಮುಚ್ಚಿಸಿದರು.

"ಹುಬ್ಬು ಮೇಲೆತ್ತಿ ಅಮ್ಮ."

ಆ ಹುಬ್ಬನ್ನು ಏರಿಸಿ ಮನೆ ಆಳಿದವರಿಗೆ ಅದೇನು ಹೊಸದೇ? ಬಲಹುಬ್ಬು ಸರ್ರನೆ ಏರಿತು, ಬಲಗಡೆಯ ವಿಭೂತಿ ಸುಕ್ಕಾಗಿ ಬಿರಿಯಿತು. ಎಡಹುಬ್ಬು ಮಾತ್ರ ಇದ್ದಲ್ಲೇ ಇತ್ತು. ಆ ಕಡೆಯ ಮೂರು ಗೆರೆಗಳು ಈಗಷ್ಟೇ ಎಳೆದಂತೆ ನೆಟ್ಟಗೆ ಉಳಿದಿದ್ದವು.

"ಹಣೆ ಸಮೇತ ಎಡಗಡೆ ಪೂರ್ತಿ ನಿಂತಿದೆ, ಕೈಕಾಲು ಚೆನ್ನಾಗಿದೆ. ಹಾಗಾಗಿ ಇದು ಮೆದುಳಿಂದಲ್ಲ, ಮುಖದ ನರದ್ದು" ಎಂದರು ಡಾಕ್ಟರ್. "ಹೆದರ್ಬೇಡಿ. ಮಾತ್ರೆ ಬರೆದಿದೀನಿ. ವಾರಗಳು ಹಿಡಿಯುತ್ತೆ, ಆದ್ರೆ ಹೆಚ್ಚಿನವರಿಗೆ ವಾಪಸ್ ಬರುತ್ತೆ. ಕನ್ನಡಿ ಮುಂದೆ ಕೂತು ವ್ಯಾಯಾಮ ಮಾಡ್ಬೇಕು. ಹುಬ್ಬು ಎತ್ತಿ, ಕೆನ್ನೆ ಊದಿ, ನಗಿ, ಶಿಳ್ಳೆ ಹಾಕೋ ಹಾಗೆ ತುಟಿ ಮಾಡಿ."

"ಈ ವಯಸ್ಸಲ್ಲಿ ಶಿಳ್ಳೆನಾ!" ಎಂದರು ಶಿವಕ್ಕ. ತುಟಿ ಕೂಡದೆ ಮಾತು ಅರ್ಧ ಗಾಳಿಯಲ್ಲಿ ಹೋಯಿತು. ಆಕೆಯೂ ಅದನ್ನು ಕೇಳಿಸಿಕೊಂಡರು. ಮನೆ ತಲುಪುವವರೆಗೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

ಮನೆಗೆ ಬಂದವರೇ ಕೋಣೆಯ ಕನ್ನಡಿಗೆ ಟವೆಲ್ ಹೊದಿಸಿದರು. ಊಟವೂ ಕೋಣೆಗೇ ಬರಬೇಕೆಂದರು. ನೆಂಟರಿಗೆ, ಪಕ್ಕದ ಮನೆಯವರಿಗೆ "ಜ್ವರ ಅಂತ ಹೇಳಿ" ಎಂದು ಅಪ್ಪಣೆಯಾಯಿತು. ಅಲ್ಲಿಂದ ಮುಂದೆ ಮನೆಯ ಆಡಳಿತವೇ ಕೈಬಿಟ್ಟುಹೋಯಿತು. ರಂಜನಿ ಹುರುಳಿಕಾಳಿನ ಸಾರು ತಟ್ಟೆಗೆ ಹಾಕಿ ಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಉಪ್ಪು ಸರಿಯಿದೆಯೋ ಇಲ್ಲವೋ ಆ ಮುಖ ಹೇಳುತ್ತಿರಲಿಲ್ಲ. ಕೇಳಿದರೆ, "ಏನೋ ಒಂದು ಹಾಕಮ್ಮ" ಎಂಬ ಉತ್ತರ. ಶಿವಕ್ಕನ ಬಾಯಲ್ಲಿ ಏನೋ ಒಂದು! ಬೈಸಿಕೊಂಡು ಬೈಸಿಕೊಂಡು ಅಭ್ಯಾಸವಾಗಿದ್ದ ರಂಜನಿಗೆ ಆ ಮಾತು ಕೇಳಿ ಅಡುಗೆಮನೆಯಲ್ಲಿ ಕಣ್ಣು ತುಂಬಿಕೊಂಡಿತು.

"ಕೋಪ ಮಾಡ್ಕೊಂಡಿದಾರೇನೇ ಅಮ್ಮ?" ಎಂದು ವಿಶ್ವಾರಾಧ್ಯ ಊಟಕ್ಕೆ ಕೂತಾಗ ಕೇಳಿದ.

"ಕೋಪ ಮಾಡ್ಕೊಂಡಿದ್ರೆ ನನಗೆ ಭಯನೇ ಇರ್ತಿರಲಿಲ್ಲ ರೀ. ಸುಮ್ಮನಾಗಿಬಿಟ್ಟಿದಾರೆ. ವ್ಯಾಯಾಮನೂ ಮಾಡ್ತಿಲ್ಲ. ಹೀಗೇ ಕೋಣೇಲೇ ಇದ್ದುಬಿಡ್ತಾರೇನೋ ಅಂತ."

ಅವಳ ಹೆದರಿಕೆಗೆ ಕಾರಣವೂ ಇತ್ತು. ಶಿವಕ್ಕನಿಗೆ ಮನೆ ಬಿಟ್ಟರೆ ಇದ್ದದ್ದು ಅಕ್ಕನ ಬಳಗ. ಹೆಂಗಸರು ಸೇರಿ ವಚನ ಹಾಡಿ, ಅರ್ಥ ಹೇಳಿಕೊಳ್ಳುವ ಗುಂಪು. ಒಬ್ಬರು ಕೆಂಗೇರಿ, ಒಬ್ಬರು ಬಸವೇಶ್ವರನಗರ, ಹಳೆಯ ಗೆಳತಿ ಅಕ್ಕಯ್ಯಮ್ಮ ಮಹಾಲಕ್ಷ್ಮಿ ಲೇಔಟ್. ಮಂಡಿನೋವಿನವರೇ ಹೆಚ್ಚಾದ್ದರಿಂದ ಸೋಮವಾರದ ಸಭೆ ಈಗ ಫೋನಿನ ವಿಡಿಯೋದಲ್ಲೇ. ಶ್ರಾವಣದ ಕೊನೆಯ ಸೋಮವಾರ ವಚನ ಹೇಳುವ ಸರದಿ ಶಿವಕ್ಕನದು. ಅದಕ್ಕಾಗಿ ಆಕೆ ಯುಗಾದಿಯಿಂದ ತಯಾರಿ ನಡೆಸಿದ್ದರು. ಈಗ ಫೋನನ್ನು ಮಗುಚಿ ಇಟ್ಟಿದ್ದರು.

"ಅಮ್ಮ, ಅಜ್ಜಿಗೂ ಒಂದು ಸೆಟ್ ಮಾಡು" ಎಂದಳು ವಚನಾ. "ಮುಖ ತೋರಿಸೋದು ಬೇಡ ಅಂದ್ರೆ ಚಿತ್ರ ಕಳಿಸ್ಲಿ."

ರಂಜನಿ ಬೇಕೆಂದೇ ಅತ್ತೆಯ ಕೋಣೆಯಲ್ಲಿ, ಅವರ ಮಂಚದ ಪಕ್ಕದಲ್ಲೇ ಕೂತು ಬರೆಯತೊಡಗಿದಳು. ಶಿವಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದರು. ಸ್ವಲ್ಪ ಹೊತ್ತಿಗೆ ಗೋಡೆ ಸಾಕೆನಿಸಿತು.

"ನನ್ನ ಮೂಗು ಹಿಂಗಿದ್ಯಾ?"

"ಇಲ್ವಾ ಅತ್ತೆ?"

"ಹುಣಸೇಬೋಟು ಇದ್ದ ಹಾಗಿದೆ. ಕಿರಿದು ಮಾಡು. ಬೈತಲೆ ನಡುವೆ ತೆಗೀತೀನಿ ನಾನು, ಪಕ್ಕಕ್ಕೆ ಯಾಕೆ ತಳ್ಳಿದ್ಯಾ?"

ಸಂಜೆಯ ಹೊತ್ತಿಗೆ ಪುಟ್ಟ ಶಿವಕ್ಕ ತಯಾರಾದರು. ನಡುಬೈತಲೆ, ಕಿರಿದಾದ ಮೂಗು, ಹಣೆಯಲ್ಲಿ ಮೂರು ಗೆರೆ. ಬಿಳಿ ವಿಭೂತಿ ಫೋನಿನಲ್ಲಿ ಕಾಣುವುದಿಲ್ಲವೆಂದು ರಂಜನಿ ಅದರ ಅಂಚಿಗೆ ಕಂದು ಗೆರೆ ಎಳೆದಿದ್ದಳು. ಮೊದಲು ನಗುವ ಮುಖ. ಅದೇ ಹೊತ್ತಿಗೆ ಬಳಗದ ಗುಂಪಿನಲ್ಲಿ ಅಕ್ಕಯ್ಯಮ್ಮನ ಸುದ್ದಿ ಬಂತು. ಮೊಮ್ಮಗಳು ಸಿಂಚನಾಗೆ ಗಂಡು ಗೊತ್ತಾಗಿದೆ, ಎಲ್ಲರೂ ಹರಸಿ. ಶಿವಕ್ಕ ಬೆರಳಿನಿಂದ ಒತ್ತಿ ತಮ್ಮ ನಗುವ ಮುಖವನ್ನು ಕಳಿಸಿದರು. ಎಷ್ಟೋ ದಿನದ ಮೇಲೆ ಹಾಲಿಗೆ ಬಂದು ಕೂತು, ತಾವೇ ಅವಲಕ್ಕಿಗೆ ಕಾಯಿ ತುರಿದುಕೊಟ್ಟರು. ರಂಜನಿ ಉಬ್ಬಿಹೋದಳು.

ಆ ಖುಷಿ ಅವಲಕ್ಕಿ ಮುಗಿಯುವವರೆಗೂ ಉಳಿಯಲಿಲ್ಲ. ಫೋನ್ ಹೊಡೆದುಕೊಂಡಿತು, ಅಕ್ಕಯ್ಯಮ್ಮನದು.

"ಏನ್ ಶಿವಕ್ಕ, ಮೊಮ್ಮಗಳಿಗೆ ಗಂಡು ಗೊತ್ತಾಯ್ತು ಅಂದ್ರೆ ಹಣೆ ಗಂಟು ಹಾಕ್ಕೊಂಡಿರೋ ಚಿತ್ರ ಕಳಿಸ್ತೀಯಾ? ಜ್ವರ ಅಂತೆ, ಸಭೆಗೆ ಬರಲ್ವಂತೆ, ಮುಖ ಸಿಂಡರಿಸೋಕೆ ಮಾತ್ರ ಪುರುಸೊತ್ತಿದೆ!"

"ಯಾರೇ ಸಿಂಡರಿಸಿದ್ದು? ನಗ್ತಾ ಇದೀನಲ್ಲೇ!"

"ಹಲ್ಲು ಕಿರಿದ್ರೆ ನಗೋದಾ? ಹಣೆ ನೋಡು! ಮೂರು ಸುಕ್ಕು!"

ಅಕ್ಕಯ್ಯಮ್ಮ ಫೋನ್ ಕಟ್ ಮಾಡಿದರು. ಗುಂಪಿನಲ್ಲಿ ಇನ್ನೊಬ್ಬರು ಆಗಲೇ "ಯಾಕೆ ಶಿವಕ್ಕ, ಬೇಜಾರಾ?" ಎಂದು ಕೇಳಿದ್ದರು. ರಂಜನಿ ಫೋನನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದಳು. ಅಕ್ಕಯ್ಯಮ್ಮನದು ತಪ್ಪಿರಲಿಲ್ಲ. ಟ್ಯಾಬಿನಲ್ಲಿ ವಿಭೂತಿಯಾಗಿದ್ದದ್ದು ಫೋನಿನ ಉಗುರಗಲದ ಚಿತ್ರದಲ್ಲಿ ಹಣೆಗಂಟಾಗಿತ್ತು. ಕಂದು ಅಂಚೊಂದೇ ಕಾಣುತ್ತಿತ್ತು, ನಡುವಿನ ಬಿಳಿ ಮಾಯವಾಗಿತ್ತು.

"ವಿಭೂತಿ ಅದು!" ಎಂದು ಶಿವಕ್ಕ ಕೂಗಾಡಿದರು. "ದಿನಾ ಬೆಳಗಾದ್ರೆ ಹಚ್ಕೊಳ್ಳೋರು, ಒಬ್ಬರಿಗಾದ್ರೂ ಗೊತ್ತಾಗ್ಬಾರ್ದಾ?"

ವಿಶ್ವಾರಾಧ್ಯ ನಗು ತಡೆಯಲಾರದೆ ಅವಲಕ್ಕಿ ನೆತ್ತಿಗೆ ಹತ್ತಿಸಿಕೊಂಡ. ಶಿವಕ್ಕ ಸೊಸೆಯ ಕಡೆ ತಿರುಗಿದರು.

"ಇಷ್ಟು ವರ್ಷ ಈ ಮನೇಲಿದ್ದು ವಿಭೂತಿ ಬರೆಯೋಕೆ ಬರಲ್ವಲ್ಲ ನಿನಗೆ! ರೂಲುಕಡ್ಡಿ ಇಟ್ಟು ಎಳೆದಿದ್ಯಾ. ವಿಭೂತಿ ಏನು ಸಿಮೆಂಟಾ? ನಕ್ಕರೆ ಮೇಲೆ ಹೋಗುತ್ತೆ, ಮುನಿದ್ರೆ ನಡುವೆ ಮುರಿಯುತ್ತೆ. ಬಾ ಇಲ್ಲಿ."

ಕೋಣೆಗೆ ಎಳೆದುಕೊಂಡು ಹೋಗಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಸೊಸೆಯ ಹಣೆಗೆ ಮೂರು ಬೆರಳಿನಲ್ಲಿ ಎಳೆದರು. ಆರುವವರೆಗೆ ಕಾಯಿಸಿದರು. ಆಮೇಲೆ, ತಾವೇ ಹೊದಿಸಿದ್ದ ಟವೆಲನ್ನು ಕನ್ನಡಿಯಿಂದ ಎಳೆದು ಹಾಸಿಗೆಗೆ ಎಸೆದರು.

"ನಗು."

ರಂಜನಿ ನಕ್ಕಳು. ಗೆರೆಗಳು ಬಿಲ್ಲಿನಂತೆ ಮೇಲೆ ಬಾಗಿದವು.

"ಕೋಪ ಮಾಡ್ಕೋ."

"ಬರ್ತಿಲ್ಲ ಅತ್ತೆ."

"ಹಾಲು ಉಕ್ಕಿ ಒಲೆಯೆಲ್ಲ ಆಯ್ತು ಅಂದ್ಕೋ. ಅದನ್ನ ವಿಶ್ವ ನೋಡ್ತಾ ನಿಂತಿದ್ದ ಅಂದ್ಕೋ."

ಈಗ ಬಂತು. ಹುಬ್ಬಿನ ನಡುವೆ ವಿಭೂತಿ ಚೂರಾಯಿತು. ಬಾಗಿಲಲ್ಲಿದ್ದ ವಿಶ್ವಾರಾಧ್ಯ "ನಾನ್ಯಾಕೆ ಬಂದೆ ಇದರಲ್ಲಿ?" ಎಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಿವಕ್ಕ ಸೊಸೆಯ ಪಕ್ಕದಲ್ಲೇ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಬಲಗಡೆ ಕೋಪ, ಎಡಗಡೆ ಏನೂ ಇಲ್ಲ. ಟವೆಲಿನ ಕಡೆಗೆ ಕೈ ಹೋಯಿತು. ರಂಜನಿ ಆ ಕೈಯನ್ನು ಹಿಡಿದುಕೊಂಡಳು.

"ಬೇಜಾರಾದ್ರೆ ಹೇಗಿರುತ್ತೆ ಅತ್ತೆ? ಅದು ತೋರಿಸ್ಲಿಲ್ಲ."

ಅಲ್ಲಿಂದ ಅದೇ ದಿನಚರಿಯಾಯಿತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅತ್ತೆ ಸೊಸೆ ಇಬ್ಬರೂ ಹಣೆ ತುಂಬ ವಿಭೂತಿ ಎಳೆದುಕೊಂಡು ಕನ್ನಡಿ ಮುಂದೆ ಕೂರುವರು. ಸೊಸೆ "ಆಶ್ಚರ್ಯ" ಎಂದರೆ ಅತ್ತೆ ಹುಬ್ಬು ಎತ್ತಬೇಕು. "ಗುಲಾಬ್ ಜಾಮೂನು" ಎಂದರೆ ಕೆನ್ನೆ ಊದಬೇಕು. ಡಾಕ್ಟರ್ ಹೇಳಿದ ವ್ಯಾಯಾಮಗಳೇ ಇವು ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ವಚನಾ ಸ್ಕೂಲಿಂದ ಬಂದು ಸೇರಿಕೊಂಡರೆ ಮನೆ ಮೂತಿಗಳ ಸಂತೆಯಾಗುತ್ತಿತ್ತು. ಒಂದು ದಿನ ಸಿಲಿಂಡರ್ ತಂದವನು ಕಿಟಕಿಯಲ್ಲಿ ಮೂವರನ್ನೂ ನೋಡಿ, "ಆಮೇಲೆ ಬರ್ಲಾ ಆಂಟಿ?" ಎಂದು ಕೇಳಿದ.

ರಂಜನಿ ಕಂದು ಅಂಚು ಅಳಿಸಿ, ಹಣೆಯ ಬಣ್ಣ ಸ್ವಲ್ಪ ಗಾಢ ಮಾಡಿ, ವಿಭೂತಿಯನ್ನು ದಪ್ಪಗೆ ಬಿಳಿಯಾಗಿ ಎಳೆದಳು. ನಗುವಿನಲ್ಲಿ ಗೆರೆ ಏರಿತು, ಕೋಪದಲ್ಲಿ ಮುರಿಯಿತು, ನಿದ್ದೆಯಲ್ಲಿ ಜೋತುಬಿತ್ತು. ಬಳಗದ ಹೆಂಗಸರು ಅವುಗಳನ್ನು ಹಿಡಿದುಕೊಂಡು ಕುಣಿದರು. ಬಸವೇಶ್ವರನಗರದವರು ಗ್ಯಾಸ್ ಬುಕ್ ಮಾಡಿದ್ದಕ್ಕೂ ಪುಟ್ಟ ಶಿವಕ್ಕನನ್ನು ಕಳಿಸಿದರು. ಅಕ್ಕಯ್ಯಮ್ಮ ಮಾತ್ರ ನೋಡುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ.

"ಸೋಮವಾರ ನಿಮ್ಮ ಸರದಿ ಅತ್ತೆ."

"ಚಿತ್ರ ಹಾಕಿ ಕೂತಿರ್ತೀನಿ. ವಚನ ಬೇರೆ ಯಾರಾದ್ರೂ ಹೇಳ್ಲಿ."

"ಅಕ್ಕಯ್ಯಮ್ಮನೋರು ಇನ್ನೂ ತಪ್ಪು ತಿಳ್ಕೊಂಡೇ ಇದಾರೆ. ಒಂದ್ಸಲ ಮುಖ ತೋರಿಸಿದ್ರೆ ಮುಗೀತು."

"ಈ ಮುಖನಾ?" ಎಂದರು ಶಿವಕ್ಕ. ಕಾಫಿ ಈಗ ಚೆಲ್ಲುತ್ತಿರಲಿಲ್ಲ, ಮಾತು ಗಟ್ಟಿಯಾಗಿತ್ತು, ಕಣ್ಣು ಮುಚ್ಚುತ್ತಿತ್ತು. ಎಡಹಣೆ ಮಾತ್ರ ಹಟ ಹಿಡಿದಂತೆ ನಿಂತೇ ಇತ್ತು.

ಆ ಸೋಮವಾರ ವಚನಾಗೆ ಸ್ಕೂಲಿಗೆ ರಜೆ. ಮಧ್ಯಾಹ್ನ ರಂಜನಿ ಎಣ್ಣೆಗಾಯಿ ಮಾಡಿದ್ದಳು. ಊಟಕ್ಕೆ ಮುಂಚೆ ತಾರಸಿ ತೋಟದವರಿಗೆ ಏನೋ ಕಳಿಸಬೇಕಾಗಿ ಟ್ಯಾಬ್ ತೆರೆದು, ಹಾಗೇ ಮೇಜಿನ ಮೇಲೆ ಬಿಟ್ಟು ರೊಟ್ಟಿ ತರಲು ಹೋದಳು. ತಟ್ಟೆಯೊಂದಿಗೆ ಬಂದು ನೋಡುತ್ತಾಳೆ, ಶಿವಕ್ಕ ಕನ್ನಡಕ ಏರಿಸಿಕೊಂಡು ಸಿಟ್ಟಿನ ಬದನೆಕಾಯಿಯನ್ನೇ ದಿಟ್ಟಿಸುತ್ತಿದ್ದಾರೆ. ವಾರಗಟ್ಟಲೆ ಕನ್ನಡಿಯ ಮುಂದೆ ಕೂತವರು, ತಮ್ಮ ಕೋಪದ ಒಂದೊಂದು ಮಡಿಕೆಯೂ ಈಗ ಆಕೆಗೆ ಬಾಯಿಪಾಠ.

"ಈ ಹುಬ್ಬು ಯಾರದು?"

"ಬದನೆಕಾಯಿದು ಅತ್ತೆ."

"ಈ ತುಟಿ?"

ರಂಜನಿ ತಟ್ಟೆಗೆ ಎಣ್ಣೆಗಾಯಿ ಬಡಿಸತೊಡಗಿದಳು. ವಚನಾ ಬಾಯಿಗೆ ರೊಟ್ಟಿ ತುರುಕಿಕೊಂಡಳು, ಆದರೂ ನಗು ಮೂಗಿನಿಂದ ಬಂದೇಬಿಟ್ಟಿತು.

"ಅಯ್ಯೋ ಶಿವನೇ! ನಾನಾ ಇದು? ನನ್ನನ್ನ ಬದನೆಕಾಯಿ ಮಾಡಿ ಊರಿಗೆಲ್ಲ ಹಂಚಿದ್ಯಾ? ಎಷ್ಟು ಜನ ಇದಾರೆ ಆ ಗುಂಪಲ್ಲಿ?"

"ಒಂದು... ಎಂಟು ಸಾವಿರ ಅತ್ತೆ."

"ಎಂಟು ಸಾವಿರ ಜನಕ್ಕೆ! ಅತ್ತೆ ಅಂದ್ರೆ ತರಕಾರಿನಾ ನಿನಗೆ? ಅನ್ನ ಹಾಕಿದ ಕೈ, ಬಾಣಂತನ ಮಾಡಿದ ಕೈ, ಈ ಕೈಗಾದ್ರೂ ಮರ್ಯಾದೆ ಬೇಡ್ವಾ! ತೊಟ್ಟು ಬೇರೆ ಇಟ್ಟಿದಾಳೆ ತಲೆ ಮೇಲೆ!"

ಬೈಗುಳ ಬಿರುಸಾಗಿಯೇ ಬೀಳುತ್ತಿತ್ತು. ರಂಜನಿ ತಲೆ ತಗ್ಗಿಸಿ ನಿಂತಿದ್ದಳು. ತಪ್ಪು ತನ್ನದೇ. ಕ್ಷಮೆ ಕೇಳೋಣವೆಂದು ಮುಖ ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು. ಶಿವಕ್ಕನ ಎಡಗಡೆಯ ಹಣೆಯಲ್ಲಿ, ನೆಟ್ಟಗಿದ್ದ ಮೂರು ಗೆರೆಗಳ ನಡುವೆ, ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿತ್ತು. ನೋಡುತ್ತಿದ್ದಂತೆಯೇ ಒಂದು ಚೂರು ವಿಭೂತಿ ಉದುರಿ ಎಡಗೆನ್ನೆಯ ಮೇಲೆ ಬಿತ್ತು.

"ಅತ್ತೆ! ಬೈಯಿರಿ ಅತ್ತೆ! ನಿಲ್ಲಿಸ್ಬೇಡಿ, ಇನ್ನೂ ಬೈಯಿರಿ!"

"ಏನೇ ಇದು, ಕೊಬ್ಬಾ?"

"ಅಯ್ಯೋ, ಬನ್ನಿ ಇಲ್ಲಿ!" ರಂಜನಿ ಎಣ್ಣೆಗಾಯಿ ಅಂಟಿದ ಕೈಯಲ್ಲೇ ಅತ್ತೆಯ ರಟ್ಟೆ ಹಿಡಿದು ಕನ್ನಡಿ ಮುಂದೆ ನಿಲ್ಲಿಸಿದಳು. ಶಿವಕ್ಕ ನೋಡಿದರು. ಹುಬ್ಬು ಗಂಟಿಕ್ಕಿದರು. ಬಲಗಡೆ ಮುರಿಯಿತು, ಎಡಗಡೆ ಸಣ್ಣಗೆ, ನಾಚಿಕೊಂಡವರಂತೆ, ಅದೂ ಮುರಿಯಿತು. ಇನ್ನೊಂದು ಸಲ ಗಂಟಿಕ್ಕಿದರು. ಆಮೇಲೆ ಆಕೆಯ ಕಣ್ಣಲ್ಲಿ ನೀರು ಬಂದು, ಕೋಪ ಮಾಡಿಕೊಳ್ಳುವುದೇ ಕಷ್ಟವಾಯಿತು. ರಂಜನಿಯಂತೂ ಅತ್ತೆಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಅತ್ತೆಯ ಸಿಟ್ಟು ನೋಡಿ ಸಂತೋಷಕ್ಕೆ ಅತ್ತ ಸೊಸೆಯನ್ನು ಆರ್‌ಪಿಸಿ ಲೇಔಟ್ ಅದಕ್ಕೆ ಮೊದಲು ಕಂಡಿರಲಾರದು.

"ಬಿಡೇ, ಸೀರೆಗೆಲ್ಲ ಎಣ್ಣೆ" ಎಂದರು ಶಿವಕ್ಕ. ತಾವಾಗಿ ಬಿಡಿಸಿಕೊಳ್ಳಲಿಲ್ಲ.

ಸಂಜೆ ಬಳಗದ ಸಭೆಗೆ ಶಿವಕ್ಕ ಇಳಕಲ್ ಸೀರೆ ಉಟ್ಟು, ವಿಭೂತಿ ಹೊಸದಾಗಿ ಎಳೆದುಕೊಂಡು ಕೂತರು. ವಿಶ್ವಾರಾಧ್ಯ ಅಂಗಡಿಯಿಂದ ಬೇಗ ಬಂದು ಒಳ್ಳೆಯ ಬಲ್ಬ್ ಹಾಕಿಕೊಟ್ಟ. ರಂಜನಿ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ, "ಚಿತ್ರ ಹಾಕ್ಲಾ ಅತ್ತೆ?" ಎಂದು ಕೇಳಿದಳು.

"ಬೇಡ. ಕ್ಯಾಮೆರಾ ಹಾಕು."

ಪರದೆಯಲ್ಲಿ ಒಂದೊಂದೇ ಮುಖ ಮೂಡಿತು. ಅಕ್ಕಯ್ಯಮ್ಮ ಫೋನನ್ನು ಕಣ್ಣಿಗೆ ಹತ್ತಿರ ತಂದುಕೊಂಡರು.

"ಶಿವಕ್ಕಾ, ಇದಾ ನಿನ್ನ ಜ್ವರ? ನನ್ನ ಹತ್ರ ಮುಚ್ಚಿಡೋದಾ? ನಾನು ಹುಚ್ಚಿ, ಮಾತಾಡ್ದೆ ಕೂತಿದ್ದೆ!"

"ಆವತ್ತು ಕಳಿಸಿದ್ದು ನಗುನೇ ಕಣೇ ಅಕ್ಕಯ್ಯಮ್ಮ. ನನ್ನ ಸೊಸೆ ಬರೆದಿದ್ದು. ಅವಳು ಮುಖ ಬರೀತಾಳೆ, ಅದೇ ಅವಳ ಕೆಲಸ. ಸುಲಭ ಅಂದ್ಕೋಬೇಡ, ಒಂದು ಹುಬ್ಬು ಸರಿಮಾಡೋಕೆ ಒಂದು ಮಧ್ಯಾಹ್ನ ಬೇಕು."

ಕ್ಯಾಮೆರಾಗೆ ಕಾಣದಂತೆ ಪಕ್ಕದಲ್ಲಿ ನಿಂತಿದ್ದ ರಂಜನಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಔಷಧಿ ಹೇಳಲು ಶುರುಮಾಡಿದರು, ಒಬ್ಬರು ಬೆಳ್ಳುಳ್ಳಿ, ಒಬ್ಬರು ಹರಳೆಣ್ಣೆ. ಶಿವಕ್ಕ ಹುಬ್ಬು ಏರಿಸಿದರು. ಒಂದೂವರೆ ಹುಬ್ಬು ಏರಿತು ಅನ್ನಬೇಕು. ಸಭೆ ಗಪ್‌ಚಿಪ್ಪಾಯಿತು. ಆಕೆ ವಚನ ಶುರುಮಾಡಿದರು.

ಸಭೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಶಿವಕ್ಕನ ತಟ್ಟೆ ಕೋಣೆಗೆ ಹೋಗಲಿಲ್ಲ. ಆಕೆ ಸಾರಿನಲ್ಲಿ ಅನ್ನ ಕಲಸಿ ಒಂದು ತುತ್ತು ತಿಂದರು. ಎಡಗೈಯಲ್ಲಿ ಫೋನ್ ಎತ್ತಿಕೊಂಡು, ವಚನಾಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿ, ಬೆರಳಿನಿಂದ ಒತ್ತಿದರು. ಎದುರಿಗೆ ಕೂತಿದ್ದ ರಂಜನಿಯ ಫೋನ್ ಟಿಂಗ್ ಎಂದಿತು. ಸಿಟ್ಟಾದ ಬದನೆಕಾಯಿ.

"ಉಪ್ಪು" ಎಂದರು ಶಿವಕ್ಕ.

ರಂಜನಿ ಎದ್ದು ಓಡಿಹೋಗಿ ಉಪ್ಪಿನ ಡಬ್ಬಿ ತಂದಳು.